ಟ್ಯಾಂಕ್ ತುಂಬಿದೆ, ನಲ್ಲಿಯಲ್ಲಿ ಮಾತ್ರ ನೀರಿಲ್ಲ

ಕೋಲಾರ, ಚಿಂತಾಮಣಿ, ಮುಳಬಾಗಿಲು ಕಡೆ ಬೇಸಿಗೆಯಲ್ಲಿ ಇದು ಮನೆಮನೆಯ ಗೋಳು. ಮೇಲಿನ ಟ್ಯಾಂಕ್ ತಳ ಕಂಡಿರುತ್ತದೆ, ಹೇಗೋ ಟ್ಯಾಂಕರ್ ಕರೆಸಿ ತುಂಬಿಸಿರುತ್ತೇವೆ, ನಲ್ಲಿ ತಿರುಗಿಸಿದರೆ ಒಂದೆರಡು ಸಲ ಬುಸ್ ಅಂದು ಸುಮ್ಮನಾಗುತ್ತದೆ. ಪೈಪ್ ಕಟ್ಟಿಕೊಂಡಿದೆ ಅಂತ ಗೋಡೆ ಒಡೆಸಲು ಹೋಗಬೇಡಿ. ಟ್ಯಾಂಕ್ ಖಾಲಿಯಾದ ಮೇಲೆ ಹೀಗಾದರೆ ಹೆಚ್ಚಿನ ಸಲ ಒಳಗಿರುವುದು ಬರೀ ಗಾಳಿ.

ಮೊದಲು ಗೀಸರ್ ಸ್ವಿಚ್ ಆಫ್ ಮಾಡಿ. ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ.

ಒಂದೇ ನಲ್ಲಿ, ಅದೂ ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಬಂದು ನಿಂತಿದ್ದರೆ ಅದು ಗಾಳಿಯಲ್ಲ, ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ. ನಲ್ಲಿಯ ಮೂತಿಯಲ್ಲಿರುವ ಜಾಲರಿ ಬಿಚ್ಚಿ ನೋಡಿ, ತೂತುಗಳ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಒಂದೆರಡು ಗಂಟೆ ವಿನಿಗರ್‌ನಲ್ಲಿ ನೆನೆಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದರೆ ಸಾಕು. ಆಸಿಡ್ ಬೇಡವೇ ಬೇಡ.

ಗಾಳಿ ಯಾಕೆ ಸಿಕ್ಕಿಕೊಳ್ಳುತ್ತದೆ ಅಂದರೆ, ಪೈಪ್ ಎಲ್ಲೋ ಪ್ಯಾರಾಪೆಟ್ಟನ್ನೋ ಬಾಗಿಲನ್ನೋ ದಾಟಲು ಮೇಲೆದ್ದು ಮತ್ತೆ ಕೆಳಗಿಳಿದಿರುತ್ತದೆ, ಆ ಉಬ್ಬಿನಲ್ಲಿ ಕೂತ ಗಾಳಿಯನ್ನು ತಳ್ಳುವಷ್ಟು ಒತ್ತಡ ನಮ್ಮ ಟ್ಯಾಂಕಿಗೆ ಇರುವುದಿಲ್ಲ. 1 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 0.1 ಬಾರ್ ಒತ್ತಡ ಅಷ್ಟೇ.

ಟ್ಯಾಂಕಿನ ಗೇಟ್ ವಾಲ್ವ್ (ಟ್ಯಾಂಕಿನಿಂದ ನೀರು ಬಿಡುವ ತಿರುಗಣೆ) ಪೂರ್ತಿ ತೆರೆದಿದೆಯಾ ನೋಡಿ. ಎಲ್ಲಾ ನಲ್ಲಿ ಪೂರ್ತಿ ಬಿಟ್ಟು ಹತ್ತು ನಿಮಿಷ ಕಾಯಿರಿ, ಎಷ್ಟೋ ಸಲ ಕೆಮ್ಮಿ ಕೆಮ್ಮಿ ತಾನೇ ಬರುತ್ತದೆ. ಬರಲಿಲ್ಲವಾ? ಗೇಟ್ ವಾಲ್ವ್ ತೆರೆದೇ ಇರಲಿ, ನಲ್ಲಿಗಳನ್ನೆಲ್ಲ ಮುಚ್ಚಿ, ನೀರು ನಿಂತಿರುವ ಒಂದು ನಲ್ಲಿಯನ್ನು ಮಾತ್ರ ತೆರೆದಿಡಿ. ಅದಕ್ಕೆ ಹೋಸ್ ಪೈಪ್ ಸಿಕ್ಕಿಸಿ, ಕ್ಲಿಪ್ ಬಿಗಿದು, ಇನ್ನೊಂದು ತುದಿಯಿಂದ ಸೈಕಲ್ ಪಂಪ್‌ನಲ್ಲಿ ನಿಧಾನವಾಗಿ ಗಾಳಿ ಹೊಡೆಯಿರಿ. ಮನೆಯವರೊಬ್ಬರು ತಾರಸಿಯಲ್ಲಿ ಟ್ಯಾಂಕ್ ಮುಚ್ಚಳ ತೆಗೆದು ನೋಡುತ್ತಿರಲಿ. ತಳದಿಂದ ಗುಳುಗುಳು ಅಂತ ಗುಳ್ಳೆ ಎದ್ದರೆ ದಾರಿ ಬಿಟ್ಟಿತು ಅಂತಲೇ ಅರ್ಥ. ತಕ್ಷಣ ಹೋಸ್ ಕಿತ್ತು ನೀರು ಬಿಡಿ.

ಬೀದಿ ನೀರಿನ ನಲ್ಲಿಗೆ ಹೋಸ್ ಜೋಡಿಸಿ ತಳ್ಳುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟರಲ್ಲಿ ಸಪ್ಲೈ ನಿಂತರೆ ನಮ್ಮ ಟ್ಯಾಂಕಿನ ನೀರು ಬೀದಿ ಪೈಪಿಗೆ ಹೋಗುತ್ತದೆ, ಅದನ್ನು ಅಕ್ಕಪಕ್ಕದವರು ಕುಡಿಯುತ್ತಾರೆ.

ಬಿಸಿನೀರು ಮಾತ್ರ ಬರುತ್ತಿಲ್ಲ, ಮೇಲೆ ಸೋಲಾರ್ ಇದೆ ಅಂದರೆ ಸ್ವಲ್ಪ ಹುಷಾರು. ಗಾಜಿನ ಟ್ಯೂಬ್ ಇರುವ ಸೋಲಾರ್ ಬಿಸಿಲಲ್ಲಿ ಖಾಲಿ ಕಾದಿದ್ದರೆ ಮಧ್ಯಾಹ್ನ ತಣ್ಣೀರು ಬಿಡಲೇಬಾರದು, ಗಾಜು ಒಡೆಯುತ್ತದೆ. ಬೆಳಗಿನ ಜಾವ ತುಂಬಿಸಿ. ಗಾಳಿ ಬಿಟ್ಟಾಗ ಮೊದಲು ಬರುವ ನೀರು ಕುದಿಯುವಷ್ಟು ಬಿಸಿ ಇರಬಹುದು, ಮಕ್ಕಳನ್ನು ಹತ್ತಿರ ಬಿಡಬೇಡಿ.

ಪದೇ ಪದೇ ಹೀಗಾಗುತ್ತಿದ್ದರೆ ಪ್ಲಂಬರ್‌ಗೆ ಹೇಳಿ ಟ್ಯಾಂಕ್ ಔಟ್‌ಲೆಟ್ಟಿಗೆ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿಸಿ, ಅದರಿಂದ ಟ್ಯಾಂಕಿನ ಮುಚ್ಚಳಕ್ಕಿಂತ ಎತ್ತರಕ್ಕೆ ಒಂದು ಗಾಳಿ ಪೈಪ್ ನಿಲ್ಲಿಸಿ. ಅದರ ಬಾಯಿ ಕೆಳಕ್ಕೆ ಬಗ್ಗಿರಲಿ, ಸೊಳ್ಳೆ ಜಾಲರಿ ಕಟ್ಟಿರಲಿ. ಟೀ ವಾಲ್ವ್ ಆದ ಮೇಲೆಯೇ ಬರಬೇಕು, ಇಲ್ಲದಿದ್ದರೆ ರಿಪೇರಿಗೆ ಅಂತ ವಾಲ್ವ್ ಮುಚ್ಚಿ ತೆರೆದಾಗಲೆಲ್ಲ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ.