ನೋಟ್‌ಬುಕ್ ಆಮೇಲೆ ಹಂಚಿ, ಮೊದಲು ಅರ್ಜಿ ತುಂಬಿಸಿ

ಮೊದಲ ಸಂಬಳ ಬಂದಾಗ ನಾನೂ ನೂರು ನೋಟ್‌ಬುಕ್ ಕೊಂಡು ಊರಿನ ಶಾಲೆಯಲ್ಲಿ ಹಂಚಿ, ಫೋಟೊಕ್ಕೆ ನಿಂತವನೇ. ಆ ಮಳೆಗಾಲ ಮುಗಿಯುವುದರೊಳಗೆ ಅದೇ ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಶಾಲೆ ಬಿಟ್ಟಿದ್ದಳು. ಹಾಸ್ಟೆಲ್ ಅರ್ಜಿಗೆ ಆದಾಯ ಪ್ರಮಾಣಪತ್ರ ಲಗತ್ತಿಸಿರಲಿಲ್ಲ, ಅಷ್ಟೇ ಕಾರಣ.

ನನಗೂ ಹಾಗೆಯೇ ಆಗಿತ್ತು. ಕುಷ್ಟಗಿ ತಾಲ್ಲೂಕಿನ ನಮ್ಮೂರಿನಿಂದ ಅಪ್ಪ, ಅವ್ವ ದೀಪಾವಳಿ ಮುಗಿಸಿ ಗುಳೆ ಹೋದರೆ ಬರುತ್ತಿದ್ದುದು ಯುಗಾದಿಗೆ. ಒಂದು ವರ್ಷ ಸಹಿ ಹಾಕುವವರಿಲ್ಲದೆ ಅರ್ಜಿ ಉಳಿಯಿತು. ನಾನು ಗದಗಿನಲ್ಲಿ ಚಹಾ ಲೋಟ ತೊಳೆದೆ. ಮರುವರ್ಷ ನಮ್ಮ ಮಾಸ್ತರರು ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ, ಅಪ್ಪನ ಹೆಬ್ಬೆಟ್ಟು ಒತ್ತಿಸಿದ್ದ ಅರ್ಜಿಯನ್ನು ತಾವೇ ಕೊಟ್ಟು ಬಂದರು. ನನ್ನ ಓದು ಉಳಿದದ್ದು ಆ ಒಂದು ದಿನದಿಂದ. ಈಗ ನಾನು ಮಾಡುತ್ತಿರುವುದೂ ಅದೇ ಕೆಲಸ, ಸೈಕಲ್ಲಿನ ಬದಲು ಬೈಕು.

ನೀವೂ ಮಾಡುವುದಾದರೆ ಜೂನ್‌ವರೆಗೆ ಕಾಯಬೇಡಿ. ದೀಪಾವಳಿಗೆ ಮೊದಲು, ಜನ ಊರಿನಲ್ಲಿರುವಾಗಲೇ ಎರಡು ಭಾನುವಾರ ಗುಡಿಯ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬರುತ್ತಾರೆ. ಮನೆಗೆ ಬೀಗ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಒಮ್ಮೆ ಕೈಗೆ ಬಂದರೆ ಐದು ವರ್ಷ ನಡೆಯುತ್ತದೆ, ಆದ್ದರಿಂದ ಹಳೆಯದು ಇರುವವರಲ್ಲಿ ಮೊದಲು ದಿನಾಂಕ ನೋಡಿ.

ಆಮೇಲೆ ಹೆಸರುಗಳು. ಹೆಚ್ಚು ಹೊತ್ತು ತಿನ್ನುವುದು ಇದೇ. ಒಬ್ಬನೇ ತಂದೆ ಶಾಲಾ ದಾಖಲಾತಿಯಲ್ಲಿ ಹನುಮಂತಪ್ಪ, ಆಧಾರ್‌ನಲ್ಲಿ ಹನಮಪ್ಪ, ಪಡಿತರ ಚೀಟಿಯಲ್ಲಿ ಹನುಮಪ್ಪ. ಊರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು ಅಪರಿಚಿತರು. ಮೂರೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿ. ಕನ್ನಡದಲ್ಲಿ ಸರಿಯಿದ್ದು ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪಿರುವುದೂ ಉಂಟು. ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸುವ ಮೊದಲೇ ಸರಿಪಡಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ಚಪ್ಪಲಿ ಸವೆಯುತ್ತದೆ.

ವಿದ್ಯಾರ್ಥಿವೇತನ ಮಗುವಿನ ಖಾತೆಗೆ ಬರಬೇಕಾದರೆ ಆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಹಣ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ‘ಹಣವೇ ಬಂದಿಲ್ಲ’ ಎಂದು ನನ್ನೊಡನೆ ಜಗಳಕ್ಕೆ ಬಂದಿದ್ದ ಅವ್ವನೊಬ್ಬಳ ಮಗನ ದುಡ್ಡು, ಮರೆತೇಹೋಗಿದ್ದ ಪಾಸ್‌ಬುಕ್ಕಿನಲ್ಲಿ ಸುಮ್ಮನೆ ಕುಳಿತಿತ್ತು.

ಎಂಟನೆಯ ತರಗತಿಯ ಮಕ್ಕಳನ್ನು ಬೇರೆಯಾಗಿ ಕರೆದು, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆ ಮಾಡುವ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಿರಬಾರದು, ಓದು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ ವಸತಿ ಶಾಲೆಯಲ್ಲಿ ಊಟ, ವಸತಿ ಪಡೆಯುವ ಮಕ್ಕಳಿಗೆ ಇದು ಇಲ್ಲ, ಅವರಿಗೆ ಆಸೆ ಹುಟ್ಟಿಸಬೇಡಿ. 90 ಅಂಕಗಳ ಮಾನಸಿಕ ಸಾಮರ್ಥ್ಯದ ಪತ್ರಿಕೆಗೆ ಮಕ್ಕಳು ಹೆದರುತ್ತಾರೆ. ಸಂಖ್ಯಾಸರಣಿ, ಗಡಿಯಾರದ ಲೆಕ್ಕಗಳನ್ನು ವಾರಕ್ಕೆರಡು ಸಂಜೆ ಬಿಡಿಸಿದರೆ ಹೆದರಿಕೆ ಹೋಗುತ್ತದೆ. ಇನ್ನೊಂದು ಪತ್ರಿಕೆಯನ್ನು ಶಾಲೆಯ ಶಿಕ್ಷಕರು ನೋಡಿಕೊಳ್ಳುತ್ತಾರೆ.

ನಮ್ಮ ಕಲ್ಯಾಣ ಕರ್ನಾಟಕದವರು, ಈ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರವನ್ನು ಪಿಯುಸಿ ಮುಗಿಯುವುದರೊಳಗೆ ಮಾಡಿಸಿಡಿ. ಸಿಇಟಿ ಹೊತ್ತಿಗೆ ಎಲ್ಲರೂ ಅದೇ ಕಚೇರಿಯ ಮುಂದೆ ನಿಂತಿರುತ್ತಾರೆ.

ಹಾಸ್ಟೆಲ್ ಸಿಕ್ಕಿತೆಂದು ಕೈ ತೊಳೆದುಕೊಳ್ಳಬೇಡಿ. ಮಕ್ಕಳು ಓಡಿಬರುವುದು ಮೊದಲ ಹದಿನೈದು ದಿನಗಳಲ್ಲಿ. ನಾನು ಮೊದಲ ಭಾನುವಾರವೇ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಹೋಗುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಡಬ್ಬಿಯನ್ನು ಮುಟ್ಟಲೇ ಇಲ್ಲ. ಬಹಳ ಹೊತ್ತಿನ ಮೇಲೆ, ‘ಅಣ್ಣಾ, ನನ್ನ ಟ್ರಂಕಿಗೆ ಬೀಗ ಇಲ್ಲ’ ಎಂದ. ಈಗ ಡಬ್ಬಿಯ ಜೊತೆ ನಾಲ್ಕು ಬೀಗಗಳನ್ನೂ ಚೀಲಕ್ಕೆ ಹಾಕಿಕೊಳ್ಳುತ್ತೇನೆ.