ಬಳ್ಳಾರಿಯಲ್ಲಿದ್ದುಕೊಂಡೇ ಮೊದಲ ಕಾರ್ ರೇಸಿಗೆ ತಯಾರಾಗುವುದು ಹೇಗೆ

ರಾತ್ರಿ ಹನ್ನೊಂದರ ಮೇಲೆ ಹೊಸಪೇಟೆ ರಸ್ತೆಯಲ್ಲಿ ಕಾರು ಹಾರಿಸಿ, ಮೀಟರಿನ ಫೋಟೊ ತೆಗೆದು ಸ್ಟೇಟಸ್ ಹಾಕುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ರೇಸ್ ಅಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಅದಕ್ಕೆ ಮೂರು ತಿಂಗಳವರೆಗೆ ಜೈಲು ಇಲ್ಲವೇ 5000 ರೂಪಾಯಿವರೆಗೆ ದಂಡ ಇದೆ, ಎರಡೂ ಬೀಳಬಹುದು. ತಿರುವಿನಲ್ಲಿ ಲೈಟಿಲ್ಲದ ಅದಿರು ಲಾರಿ ನಿಂತಿದ್ದರೆ ಕಲಮಿನವರೆಗೆ ಮಾತು ಹೋಗುವುದೇ ಇಲ್ಲ. ಅವರಲ್ಲಿ ಯಾರಿಗಾದರೂ 'ಒಮ್ಮೆ ನಿಜವಾದ ಟ್ರ್ಯಾಕಿನಲ್ಲಿ ಓಡಿಸಬೇಕು' ಅನ್ನಿಸಿದ್ದರೆ ಇದನ್ನು ಓದಿ.

ನಮ್ಮ ಕಷ್ಟ ಏನಂದರೆ ಹತ್ತಿರದಲ್ಲಿ ಟ್ರ್ಯಾಕೇ ಇಲ್ಲ. ದಕ್ಷಿಣದಲ್ಲಿ ಕಾರ್ ರೇಸ್ ಅಂದರೆ ಮುಖ್ಯವಾಗಿ ಎರಡು ಜಾಗ. ಒಂದು, ಚೆನ್ನೈ ಹತ್ತಿರ ಶ್ರೀಪೆರಂಬುದೂರು ಕಡೆಯ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಒಂದು ಸುತ್ತು 3.717 ಕಿಲೋಮೀಟರ್. ಇನ್ನೊಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುತ್ತು ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಎರಡೂ ನಮಗೆ ಒಂದು ದಿನದ ದಾರಿ. ಆದರೆ ಬೇಜಾರು ಮಾಡಿಕೊಳ್ಳಬೇಡಿ, ಮೊದಲ ರೇಸಿನ ಕೆಲಸದಲ್ಲಿ ಮುಕ್ಕಾಲು ಪಾಲು ಊರಲ್ಲೇ ಆಗುವಂಥದ್ದು. ಟ್ರ್ಯಾಕಿಗೆ ಹತ್ತಿರ ಇರುವ ಹುಡುಗರು ಬಿಟ್ಟುಬಿಡುವುದೂ ಈ ಮುಕ್ಕಾಲು ಪಾಲನ್ನೇ.

ಮೊದಲು ಕಾಗದ. ಬಹಳ ಜನ ಮೊದಲು ಕಾರು ಕೊಂಡು, ಸೈಲೆನ್ಸರ್ ಬದಲಿಸಿ, ಸ್ಟಿಕ್ಕರ್ ಅಂಟಿಸಿ, ಎಲ್ಲಾ ದುಡ್ಡು ಮುಗಿದ ಮೇಲೆ ಲೈಸೆನ್ಸ್ ಬಗ್ಗೆ ಕೇಳುತ್ತಾರೆ. ನೀವು ಉಲ್ಟಾ ಮಾಡಿ. ಆರ್‌ಟಿಓ ಕೊಟ್ಟ ಡಿಎಲ್ ಇದ್ದ ಮಾತ್ರಕ್ಕೆ ಸರ್ಕ್ಯೂಟಿಗೆ ಬಿಡುವುದಿಲ್ಲ, ಅದಕ್ಕೆ ಸ್ಪರ್ಧೆಯ ಲೈಸೆನ್ಸ್ ಬೇರೆಯೇ ಬೇಕು. ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟ. ಜಗತ್ತಿನ ಮಟ್ಟದಲ್ಲಿ ಕಾರಿಗೆ ಎಫ್‌ಐಎ, ಬೈಕಿಗೆ ಎಫ್‌ಐಎಂ ಇದ್ದರೆ, ನಮ್ಮ ದೇಶದಲ್ಲಿ ಎರಡಕ್ಕೂ ಇದೇ ಒಕ್ಕೂಟ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಫೋಟೊ, ವಯಸ್ಸಿನ ದಾಖಲೆ, ರಕ್ತದ ಗುಂಪು, ಡಾಕ್ಟರ ಸರ್ಟಿಫಿಕೇಟ್ ಬೇಕು. 18 ತುಂಬದಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಪತ್ರವೂ ಬೇಕು. ಲೈಸೆನ್ಸ್ ಆಯಾ ವರ್ಷದ ಕೊನೆಗೆ ಮುಗಿಯುತ್ತದೆ, ಹಾಗಾಗಿ ನವೆಂಬರಿನಲ್ಲಿ ಉತ್ಸಾಹ ಬಂತು ಅಂತ ಮಾಡಿಸಿದರೆ ದುಡ್ಡು ದಂಡ. ಜನವರಿಯಲ್ಲಿ ಮಾಡಿಸಿ.

ಡಾಕ್ಟರ ಸಹಿಯನ್ನು ಸುಮ್ನೆ ಪರಿಚಯದವರ ಹತ್ತಿರ ಹಾಕಿಸಿಕೊಂಡು ಬರಬೇಡಿ. ಬಿಪಿ, ಕಣ್ಣು, ಎಲ್ಲಾ ನಿಜವಾಗಿ ನೋಡಿಸಿ. ಮುಖ್ಯವಾಗಿ ಬಣ್ಣ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕ ಇರುತ್ತದಲ್ಲ, ಅದನ್ನು ಓದಿಸಿಕೊಳ್ಳಿ. ಟ್ರ್ಯಾಕಿನಲ್ಲಿ ನಿಮಗೆ ಸುದ್ದಿ ಮುಟ್ಟುವುದು ಬಾವುಟದ ಬಣ್ಣದಿಂದ. ಕೆಂಪು ಹಸಿರು ಗೊಂದಲ ಇದೆ ಅಂತ ಅಲ್ಲಿ ಹೋಗಿ ಗೊತ್ತಾಗಬಾರದು.

ಮೊದಲ ಸಲ ಸರ್ಕ್ಯೂಟ್ ಲೈಸೆನ್ಸ್ ಕೇಳುವವರು ಒಕ್ಕೂಟ ಒಪ್ಪಿದ ತರಬೇತಿ ಶಾಲೆಯ ಸರ್ಟಿಫಿಕೇಟನ್ನೂ ತೋರಿಸಬೇಕು. ಇದನ್ನು ಖರ್ಚು ಅಂದುಕೊಳ್ಳಬೇಡಿ. ನಾನು ಹನ್ನೆರಡು ವರ್ಷದಿಂದ ಕಾರು ಓಡಿಸುತ್ತಿದ್ದೆ, ನನಗೆ ಬ್ರೇಕ್ ಹಾಕುವುದೇ ಗೊತ್ತಿಲ್ಲ ಅಂತ ಗೊತ್ತಾಗಿದ್ದು ತರಬೇತಿಯ ಮೊದಲ ಅರ್ಧ ಗಂಟೆಯಲ್ಲಿ. ರಸ್ತೆಯಲ್ಲಿ ನಾವು ಮೆಲ್ಲಗೆ ಶುರು ಮಾಡಿ ಕೊನೆಗೆ ಜೋರಾಗಿ ಒತ್ತುತ್ತೇವೆ. ಟ್ರ್ಯಾಕಿನಲ್ಲಿ ಮೊದಲೇ ಗಟ್ಟಿಯಾಗಿ ಒತ್ತಿ, ತಿರುವು ಹತ್ತಿರ ಬಂದಂತೆ ಸಡಿಲಿಸಬೇಕು. ಟೈರಿನ ಹಿಡಿತ ಇರುವುದು ಒಂದೇ ರೊಟ್ಟಿ ಅನ್ನಿ. ಅದನ್ನು ಪೂರ್ತಿ ಬ್ರೇಕಿಗೆ ಕೊಟ್ಟರೆ ಸ್ಟೀರಿಂಗಿಗೆ ತುಣುಕೂ ಉಳಿಯುವುದಿಲ್ಲ. ಅದಕ್ಕೇ ಕಾರು ನೇರ ಇರುವಾಗಲೇ ಬ್ರೇಕಿನ ಕೆಲಸ ಮುಗಿಸಿ, ಆಮೇಲೆ ತಿರುಗಿಸಿ, ದಾರಿ ಕಂಡ ಮೇಲೆ ಆಕ್ಸಿಲರೇಟರ್.

ತರಬೇತಿಗೆ ಮುಂಚೆ ಒಂದೆರಡು ಸಲ ಗೋ-ಕಾರ್ಟ್, ಅಂದರೆ ನೆಲಕ್ಕೆ ತಾಗಿದಂತಿರುವ ಪುಟ್ಟ ರೇಸ್ ಬಂಡಿ, ಓಡಿಸಿ ನೋಡಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಮಧ್ಯಾಹ್ನದವರೆಗೆ ಕಾರ್ಟಿಂಗ್, ಮತ್ತೆ ರಾತ್ರಿ ಅದೇ ರೈಲು. ಕಾರ್ಟಿಗೆ ಸಸ್ಪೆನ್ಷನ್ ಇರುವುದಿಲ್ಲ, ನೀವು ಮಾಡಿದ ತಪ್ಪು ನೇರವಾಗಿ ಸೊಂಟಕ್ಕೇ ಬಂದು ಮುಟ್ಟುತ್ತದೆ. ಸರ್ಕ್ಯೂಟ್ ಇಷ್ಟು ಬೇಗ ಬೇಡ ಅನ್ನಿಸಿದರೆ ಟೈಮ್-ಸ್ಪೀಡ್-ಡಿಸ್ಟೆನ್ಸ್, ಅಂದರೆ ಟಿಎಸ್‌ಡಿ ರ‍್ಯಾಲಿಯೂ ಇದೆ. ಮನೆಯ ಕಾರಿನಲ್ಲೇ, ಪಕ್ಕದಲ್ಲಿ ದಾರಿ ಹೇಳುವವರನ್ನು ಕೂರಿಸಿಕೊಂಡು, ಹೇಳಿದ ಸರಾಸರಿ ವೇಗದಲ್ಲಿ ಸೆಕೆಂಡ್ ಲೆಕ್ಕದಲ್ಲಿ ಹೋಗುವುದು. ಬೇಗ ಬಂದರೂ ಪೆನಾಲ್ಟಿ, ತಡವಾದರೂ ಪೆನಾಲ್ಟಿ. ಗಂಡ ಹೆಂಡತಿ ಒಟ್ಟಿಗೆ ಹೋದರೆ ಮಾತ್ರ ವಾಪಸ್ ಬರುವಾಗ ಕಾರಿನಲ್ಲಿ ಮಾತಿರುವುದಿಲ್ಲ, ಅಷ್ಟೇ.

ಈಗ ಮೈಮೇಲಿನ ಸಾಮಾನು. ನಮ್ಮದು ಜೀನ್ಸಿನ ಊರು, ಗಲ್ಲಿಗೊಬ್ಬರು ಹೊಲಿಯುವವರು ಸಿಗುತ್ತಾರೆ. ರೇಸ್ ಸೂಟ್ ಒಂದು ಹೊಲಿಸಿಬಿಡೋಣ ಅಂತ ನನಗೂ ಅನ್ನಿಸಿತ್ತು. ಆಗಲ್ಲ. ಅದು ಬೆಂಕಿ ತಡೆಯುವ ನೋಮೆಕ್ಸ್ ಥರದ ಬಟ್ಟೆ, ಕಾಲರಿನ ಹತ್ತಿರ ಎಫ್‌ಐಎ ನಂಬರಿನ ಕಸೂತಿ ಇರಬೇಕು: 8856-2000, ಹೊಸದಾದರೆ 8856-2018. ಒಳಗೆ ಹಾಕುವ ಬನಿಯನ್ನಿನಲ್ಲಿ ಪಾಲಿಯೆಸ್ಟರ್ ಇದ್ದರೆ ಬೆಂಕಿಯಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ತಡೆಯುವ ಒಳಉಡುಪು ಕೊಳ್ಳುವವರೆಗೆ ಅಭ್ಯಾಸಕ್ಕಾದರೂ ಪೂರಾ ಹತ್ತಿಯದ್ದೇ ಇರಲಿ.

ಹೆಲ್ಮೆಟ್ ವಿಷಯದಲ್ಲಿ ನಾನು ಸರಿಯಾಗಿ ಬೈಸಿಕೊಂಡಿದ್ದೇನೆ. ಬೈಕಿನ ಒಳ್ಳೆಯ ಹೆಲ್ಮೆಟ್, ಬೆಲೆಯೂ ಕಡಿಮೆ ಇರಲಿಲ್ಲ, ಅದನ್ನೇ ತೆಗೆದುಕೊಂಡು ಹೋಗಿದ್ದೆ. ತಪಾಸಣೆ ಮಾಡುವವರು ಒಳಗಿನ ಸ್ಪಂಜನ್ನು ಬೆರಳಿನಿಂದ ಸರಿಸಿ ಸ್ಟಿಕ್ಕರ್ ನೋಡಿ, ಮಾತೇ ಆಡದೆ ವಾಪಸ್ ಕೊಟ್ಟರು. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಸ್ಟಿಕ್ಕರಿನಲ್ಲಿ ಎಂ ಅಂದರೆ ಮೋಟಾರ್ ಸೈಕಲ್ಲಿನದು, ಕಾರಿಗೆ ಬೇಕಿರುವುದು ಎಸ್‌ಎ, ಅದರಲ್ಲಿ ಬೆಂಕಿಯ ಪರೀಕ್ಷೆಯೂ ಆಗಿರುತ್ತದೆ. ಅವತ್ತು ಬೇರೆಯವರ ಹೆಲ್ಮೆಟ್ ಬೇಡಿ ಹಾಕಿಕೊಂಡೆ. ಒಂದು ಸೈಜ್ ದೊಡ್ಡದು, ಪ್ರತಿ ತಿರುವಿಗೂ ಕಣ್ಣಿನ ಮೇಲೆ ಬಂದು ಕೂರುತ್ತಿತ್ತು. ಕೊಳ್ಳುವಾಗ ಆ ವರ್ಷದ ನಿಯಮ ಪುಸ್ತಕ ತೆರೆದು, ಯಾವ ವರ್ಷದ ಸ್ಟಿಕ್ಕರಿನವರೆಗೆ ನಡೆಯುತ್ತದೆ ಅಂತ ನೋಡಿಯೇ ದುಡ್ಡು ಕೊಡಿ. ಸೀಟು, ಬೆಲ್ಟಿಗೂ ಅವಧಿ ಇದೆ. ಸಾಮಾನ್ಯವಾಗಿ ತಯಾರಾದ ವರ್ಷದಿಂದ ಐದು ವರ್ಷ. ಹಳೆಯ ಬೆಲ್ಟ್ ಅಗ್ಗಕ್ಕೆ ಸಿಕ್ಕಿತು ಅಂದರೆ ಯಾಕೆ ಸಿಕ್ಕಿತು ಅಂತ ಅರ್ಥ ಮಾಡಿಕೊಳ್ಳಿ.

ಕಾರು ಕೊನೆಗೆ. ಮೊದಲ ರೇಸಿಗೆ ಸ್ವಂತ ಕಾರು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ರೇಸಿಂಗ್ ತಂಡದವರು ಕಾರು, ಮೆಕ್ಯಾನಿಕ್, ಟೈರು ಎಲ್ಲಾ ಸೇರಿಸಿ ಬಾಡಿಗೆಗೆ ಕೊಡುತ್ತಾರೆ, ಸ್ವಿಫ್ಟ್ ಎಂಜಿನ್ ಹಾಕಿದ ಎಲ್‌ಜಿಬಿ ಫಾರ್ಮುಲಾ 4 ಥರದ ಒಂಟಿ ಸೀಟಿನ ಕಾರುಗಳೂ ಹಾಗೆ ಸಿಗುತ್ತವೆ. ಗುದ್ದಿದರೆ ಯಾರು ಎಷ್ಟು ಕೊಡಬೇಕು ಅನ್ನುವುದನ್ನು ಮಾತ್ರ ಬರೆಸಿಕೊಳ್ಳಿ. ನಿಮ್ಮ ಮಾಮೂಲಿ ಇನ್ಶೂರೆನ್ಸ್ ರೇಸಿನಲ್ಲಿ ಆದ ನಷ್ಟಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ, ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಇದ್ದೇ ಇದೆ.

ಇಲ್ಲ, ನನ್ನ ಕಾರೇ ಬೇಕು ಅಂದರೆ ಎಂಜಿನ್ ಮುಟ್ಟಬೇಡಿ. ಕೇಜ್ (ಕಾರು ಪಲ್ಟಿಯಾದರೆ ಕಾಪಾಡುವ ಒಳಗಿನ ಕಬ್ಬಿಣದ ಪಂಜರ), ಸೀಟು, ಬೆಲ್ಟ್, ಹೊರಗಿನಿಂದಲೂ ಕರೆಂಟ್ ಕಟ್ ಮಾಡುವ ಸ್ವಿಚ್, ಬೆಂಕಿ ನಂದಿಸುವ ಸಿಲಿಂಡರ್, ಎಳೆಯುವ ಕೊಂಡಿ, ಇಷ್ಟನ್ನು ನಿಯಮ ಪುಸ್ತಕದ ಪ್ರಕಾರ ಹಾಕಿಸಿ. ಆಮೇಲೆ ಉಳಿದ ದುಡ್ಡೆಲ್ಲಾ ಬ್ರೇಕಿಗೆ. ನಮ್ಮ ಕಡೆಯ ಕೆಂಧೂಳಿಗೆ ಏರ್ ಫಿಲ್ಟರ್ ಹೇಗಿದ್ದರೂ ಬದಲಿಸಬೇಕು, ಅದನ್ನು ಹೇಳಬೇಕಾಗಿಲ್ಲ.

ಬ್ರೇಕ್ ಯಾಕೆ ಅಂದರೆ, ವೇಗ ಎರಡು ಪಟ್ಟಾದರೆ ನಿಲ್ಲಿಸುವಾಗ ಹುಟ್ಟುವ ಬಿಸಿ ನಾಲ್ಕು ಪಟ್ಟು. ಆ ಬಿಸಿಯಲ್ಲಿ ಪೈಪಿನೊಳಗಿನ ಬ್ರೇಕ್ ಆಯಿಲ್ ಕುದಿಯುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ತಡೆಯುತ್ತದೆ, ಆದರೆ ಅದು ಗಾಳಿಯ ತೇವ ಹೀರುತ್ತಾ ಹೀರುತ್ತಾ 155ರ ಹತ್ತಿರಕ್ಕೆ ಇಳಿಯಬಹುದು. ಕುದ್ದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಸೀದಾ ನೆಲಕ್ಕೆ. ನನಗೆ ಎರಡನೇ ಅಭ್ಯಾಸದ ನಾಲ್ಕನೇ ಸುತ್ತಿನಲ್ಲಿ ಹಾಗೇ ಆಯಿತು. ಕಾಲಿನ ಕೆಳಗೆ ಪೆಡಲ್ ಇದೆ, ಒತ್ತಿದರೆ ಏನೂ ಇಲ್ಲ, ಒದ್ದೆ ಹತ್ತಿ ತುಳಿದ ಹಾಗೆ. ಗೇರ್ ಇಳಿಸಿ ಹೇಗೋ ಮಣ್ಣಿನಲ್ಲಿ ಹೋಗಿ ನಿಂತೆ. ಊರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ್ದೇವೆ ಅಂತ ಬಿಲ್ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ಬಂದಿದ್ದು ಚಹಾದ ಬಣ್ಣದ್ದು.

ಅವತ್ತಿನಿಂದ ನಾನೇ ಮಾಡುತ್ತೇನೆ. ನಿಮಗೂ ಕಲಿಸುವವರು ಸಿಗುತ್ತಾರೆ, ಒಬ್ಬ ಹಳೆಯ ಮೆಕ್ಯಾನಿಕ್ ಅಣ್ಣನನ್ನು ಹಿಡಿದುಕೊಳ್ಳಿ. ಸೀಲ್ ಒಡೆಯದ ಹೊಸ ಡಬ್ಬಿ, ಒಂದು ಪಾರದರ್ಶಕ ಪೈಪು, ಒಂದು ಖಾಲಿ ಬಾಟಲಿ ಸಾಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ, ಆಯಿಲ್ ಬಂದ ಮೇಲೆ ಬಿಗಿ ಮಾಡಬೇಕು, ಆಮೇಲೆಯೇ ಕಾಲು ಎತ್ತಬೇಕು. 'ಒತ್ತು... ಹಿಡಿ... ಬಿಡು' ಅನ್ನುವ ಮೂರು ಮಾತು ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಪೈಪಿನಲ್ಲಿ ಗುಳ್ಳೆ ಬರುವುದು ನಿಂತು, ಬಣ್ಣ ತಿಳಿಯಾಗುವವರೆಗೆ ಬಿಡಬೇಡಿ. ಬಾನೆಟ್ಟಿನೊಳಗಿನ ಡಬ್ಬಿ ಖಾಲಿಯಾಗದಂತೆ ತುಂಬಿಸುತ್ತಾ ಇರಿ. ಜೊತೆಗೆ ರೇಸಿಗೆ ಆಗುವಂಥ ಬ್ರೇಕ್ ಪ್ಯಾಡ್ ಹಾಕಿಸಿ, ಮಾಮೂಲಿ ಪ್ಯಾಡ್ ಐದಾರು ಸುತ್ತಿಗೆ ಹೊಗೆ ಬಿಡುತ್ತದೆ.

ಮೈ ತಯಾರಿ. ಬಳ್ಳಾರಿ ಬಿಸಿಲಲ್ಲಿ ಬೆಳೆದವರಿಗೆ ಚೆನ್ನೈ ಯಾವ ಲೆಕ್ಕ ಅಂದುಕೊಂಡಿದ್ದೆ. ನಮ್ಮದು ಒಣ ಬಿಸಿಲು, ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಅಲ್ಲಿ ಬೆವರು ಆರುವುದೇ ಇಲ್ಲ. ಸೂಟು, ಗ್ಲೌಸು, ಮುಖದ ಮುಸುಕು, ಹೆಲ್ಮೆಟ್ ಹಾಕಿ ಎಸಿ ಇಲ್ಲದ ಕಾರಿನಲ್ಲಿ ಕೂತರೆ ಹತ್ತು ನಿಮಿಷಕ್ಕೆ ಗಮನ ಜಾರುತ್ತದೆ. ಅದಕ್ಕೆ ಒಂದು ತಿಂಗಳು ಮೊದಲಿಂದ ಸಂಜೆ ಹೊತ್ತು ಓಡಿ, ಸೂಟು ಹಾಕಿಕೊಂಡು ನೆರಳಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂತು ಅಭ್ಯಾಸ ಮಾಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಹಾಗೇ ಬೆಲ್ಟ್ ಬಿಚ್ಚಿ ಹೊರಗೆ ಬರುವುದನ್ನೂ ಕಣ್ಣು ಮುಚ್ಚಿಕೊಂಡು ಮಾಡಿ ನೋಡಿ. ಹತ್ತು ಸೆಕೆಂಡಿಗೆ ಇಳಿಸಿ. ಮನೆ ಮುಂದೆ ಜನ ನಿಂತು ನೋಡುತ್ತಾರೆ, ನೋಡಲಿ.

ಬಾವುಟ ಕಲಿತದ್ದು ನಾನು ಅವ್ವನಿಂದ. ಅಲಮಾರಿಯಿಂದ ಕುಬಸದ ಖಣ ತೆಗೆದು ಒಂದೊಂದೇ ಎತ್ತಿ ತೋರಿಸುತ್ತಿದ್ದಳು, ನಾನು ಊಟದ ನಡುವೆ ಉತ್ತರ ಹೇಳಬೇಕು. ಹಳದಿ ಅಂದರೆ ಮುಂದೆ ಅಪಾಯ, ನಿಧಾನ, ಯಾರನ್ನೂ ದಾಟುವಂತಿಲ್ಲ. ಎರಡು ಹಳದಿ ಅಂದರೆ ನಿಲ್ಲಿಸಲೂ ತಯಾರಿರಿ. ಕೆಂಪು ಅಂದರೆ ರೇಸ್ ನಿಂತಿತು. ನೀಲಿ ಅಂದರೆ ಹಿಂದೆ ಜೋರು ಕಾರು ಬರುತ್ತಿದೆ. ಹಳದಿಯ ಮೇಲೆ ಕೆಂಪು ಪಟ್ಟಿ ಅಂದರೆ ರಸ್ತೆ ಜಾರುತ್ತದೆ, ಎಣ್ಣೆಯೋ ನೀರೋ ಬಿದ್ದಿದೆ. ಕಪ್ಪಿನ ಮೇಲೆ ಕಿತ್ತಳೆ ಚುಕ್ಕೆ, ಜೊತೆಗೆ ನಿಮ್ಮ ನಂಬರ್ ಕಂಡರೆ ನಿಮ್ಮ ಕಾರಿನಲ್ಲೇ ಏನೋ ಕೆಟ್ಟಿದೆ, ಕಾರು ರಿಪೇರಿ ಮಾಡುವ ಜಾಗಕ್ಕೆ, ಅಂದರೆ ಪಿಟ್‌ಗೆ ಬನ್ನಿ. ಬರೀ ಕಪ್ಪು ಬಾವುಟ, ನಿಮ್ಮ ನಂಬರ್ ತೋರಿಸಿದರೆ ಒಳಗೆ ಬಂದು ಅಧಿಕಾರಿಗಳ ಮುಂದೆ ನಿಲ್ಲಬೇಕು. 'ಇದು ಬರಬಾರದು ನೋಡಪ್ಪಾ' ಅಂತ ಅವ್ವ ಕಪ್ಪು ಖಣವನ್ನು ಬೇಗ ಮಡಚಿ ಇಟ್ಟುಬಿಡುತ್ತಿದ್ದಳು.

ಹೊರಡುವ ಮುಂಚೆ ಆ ರೇಸಿನ ಸಪ್ಲಿಮೆಂಟರಿ ರೆಗ್ಯುಲೇಷನ್ಸ್, ಅಂದರೆ ಆ ಒಂದು ರೇಸಿಗೆ ಅಂತಲೇ ಇರುವ ನಿಯಮಗಳು, ಪ್ರಿಂಟ್ ತೆಗೆದು ಎರಡು ಸಲ ಓದಿ. ಎಂಟ್ರಿಯ ಕೊನೆ ದಿನ, ತಪಾಸಣೆ ಎಷ್ಟು ಹೊತ್ತಿಗೆ, ಡ್ರೈವರುಗಳ ಸಭೆ ಎಲ್ಲಿ, ಎಲ್ಲಾ ಅದರಲ್ಲೇ ಇರುತ್ತದೆ. ಸಭೆ ತಪ್ಪಿಸಿದರೆ ದಂಡ, ಕೆಲವೊಮ್ಮೆ ಓಡಿಸಲೂ ಬಿಡುವುದಿಲ್ಲ. ಕೇಜ್ ಹಾಕಿದ ಕಾರನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗಬೇಡಿ, ಲಾರಿ ಮೇಲೆ ಹಾಕಿ ಕಳಿಸಿ.

ರೇಸಿನ ದಿನ ಮೊದಲ ಅಭ್ಯಾಸದಲ್ಲಿ ಏನೂ ಸಾಧಿಸಬೇಡಿ. ಗುರುತು ಹುಡುಕಿ, ಎಲ್ಲಿ ಬ್ರೇಕ್, ಎಲ್ಲಿ ತಿರುವು, ಬಾವುಟ ಹಿಡಿದವರು ಎಲ್ಲಿ ನಿಂತಿದ್ದಾರೆ ಅಂತ. ಟೈರ್ ಬಿಸಿಯಾದರೆ ಗಾಳಿ ನಾಲ್ಕೈದು ಪಿಎಸ್‌ಐ ಏರುತ್ತದೆ, ಆದ್ದರಿಂದ ಬೆಳಿಗ್ಗೆ ಕಡಿಮೆ ಇಟ್ಟು, ಒಳಗೆ ಬಂದ ತಕ್ಷಣ ಅಳೆದು ಬರೆದುಕೊಳ್ಳಿ. ಪ್ರತಿ ಸಲ ಚಕ್ರದ ನಟ್ಟನ್ನು ಟಾರ್ಕ್ ವ್ರೆಂಚಿನಿಂದ (ಎಷ್ಟು ಬಿಗಿಯಾಗಿದೆ ಅಂತ ತೋರಿಸುವ ಪಾನಾ) ನೋಡಿ. ಸ್ಟಾರ್ಟಿನಲ್ಲಿ ಐದು ಕೆಂಪು ದೀಪ ಆರಿದರೆ ಹೊರಡಬೇಕು, ಪಕ್ಕದವನು ಅಲುಗಾಡಿದ ಅಂತ ಅಲ್ಲ. ಮೊದಲ ತಿರುವಿನಲ್ಲಿ ಎಲ್ಲರೂ ಒಂದೇ ಜಾಗಕ್ಕೆ ನುಗ್ಗುತ್ತಾರೆ. ಅಲ್ಲಿ ಎರಡು ಸ್ಥಾನ ಬಿಟ್ಟುಕೊಡಿ, ಅವರಲ್ಲಿ ಒಬ್ಬಿಬ್ಬರು ಮೂರನೇ ಸುತ್ತಿಗೆ ತಾವೇ ಮಣ್ಣಿಗೆ ಇಳಿದಿರುತ್ತಾರೆ. ನನ್ನ ಮೊದಲ ರೇಸಿನಲ್ಲಿ ನಾನು ದಾಟಿದ್ದು ಒಬ್ಬರನ್ನೇ, ಆದರೂ ಸ್ಥಾನ ಏರಿದ್ದು ಐದು.

ರೇಸ್ ಮುಗಿಯಿತು ಅಂತ ಚೌಕಳಿ ಬಾವುಟ ಬಿದ್ದ ಮೇಲೆ ಗಕ್ಕನೆ ನಿಲ್ಲಬೇಡಿ, ಒಂದು ಸುತ್ತು ನಿಧಾನವಾಗಿ ಹೋಗಿ ಬ್ರೇಕ್ ತಣಿಸಿ. ಕಾರನ್ನು ಅಧಿಕಾರಿಗಳು ಹೇಳಿದ ಜಾಗದಲ್ಲಿ ಬಿಟ್ಟು, ಅವರು ಬಿಡುವವರೆಗೆ ಮುಟ್ಟಬೇಡಿ, ಹ್ಯಾಂಡ್ ಬ್ರೇಕನ್ನೂ ಎಳೆಯಬೇಡಿ, ಬಿಸಿ ಡಿಸ್ಕಿಗೆ ಪ್ಯಾಡ್ ಅಂಟಿ ಕೂರುತ್ತದೆ. ಮತ್ತೆ ಅವತ್ತೇ ರಾತ್ರಿ ಊರಿಗೆ ಹೊರಡಬೇಡಿ. ಮೈ ಇನ್ನೂ ರೇಸಿನಲ್ಲೇ ಇರುತ್ತದೆ, ಎರಡು ಗಂಟೆ ಕಳೆದರೆ ಕಣ್ಣು ಎಳೆಯುತ್ತದೆ. ಲಾರಿಯವರ ಹತ್ತಿರ ಬಾಡಿಗೆ ಮಾತಾಡುವಾಗಲೇ ಒಂದು ರಾತ್ರಿಯ ಹಾಲ್ಟಿಂಗ್ ಸೇರಿಸಿ ಮಾತಾಡಿ.