ಯಾರೂ ನೋಡದ ಗ್ರಹದ ಚಿತ್ರ ಬರೆದೆ

ಹೋದ ವರ್ಷ ಮಕ್ಕಳ ವಿಜ್ಞಾನ ಪ್ರದರ್ಶನವೊಂದಕ್ಕೆ ಚಿತ್ರ ಬರೆದುಕೊಡಲು ಒಪ್ಪಿಕೊಂಡೆ. ಬೇರೊಂದು ನಕ್ಷತ್ರವನ್ನು ಸುತ್ತುವ ಎಚ್‌ಡಿ 189733 ಬಿ ಎಂಬ ಗ್ರಹದ ಚಿತ್ರ. ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರ, ಗುರುವಿಗಿಂತ ತುಸು ದೊಡ್ಡದು, 2005ರಲ್ಲಿ ಸಿಕ್ಕಿದ್ದು. ನೋಡಿಕೊಂಡು ಬರೆಯೋಣವೆಂದರೆ ಇದರ ಫೋಟೋನೇ ಇಲ್ಲ!

ಮೊದಲು ಸುಮ್ನೆ ಮನಸ್ಸಿಗೆ ಬಂದಂತೆ ಗೀಚಿದೆ. ಮೋಡದ ಮೇಲೆ ಮುಳುಗುತ್ತಿರುವ ಸೂರ್ಯ, ಪಕ್ಕದಲ್ಲೊಂದು ಚಂದ್ರ. ಆಮೇಲೆ ಅಂಕಿಅಂಶ ಹಿಡಿದು ಕೂತರೆ ಎರಡೂ ತಪ್ಪು. ಈ ಗ್ರಹ ತನ್ನ ಸೂರ್ಯನಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತದೆ. ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಸೂರ್ಯನಿಗೆ ಇಷ್ಟು ಅಂಟಿಕೊಂಡ ಗ್ರಹದ ಸುತ್ತ ಚಂದ್ರ ಉಳಿಯುವುದೂ ಕಷ್ಟ. ರಬ್ಬರ್ ತಗೊಂಡೆ.

ಸೂರ್ಯನನ್ನು ಎಷ್ಟು ದೊಡ್ಡದು ಬರೆಯಬೇಕು ಅನ್ನುವುದಕ್ಕೇ ಒಂದು ಸಂಜೆ ಹೋಯಿತು. ದೂರ ಬರೀ 46 ಲಕ್ಷ ಕಿಲೋಮೀಟರ್. ನಮಗೆ ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ಆಚೆ. ಅಲ್ಲಿ ವರ್ಷ ಅಂದರೆ ನಮ್ಮ 2.2 ದಿನ! ಲೆಕ್ಕ ಹಾಕಿದರೆ ಆ ಸೂರ್ಯನ ಅಗಲ ಸುಮಾರು 13 ಡಿಗ್ರಿ ಬಂತು. ಕೈ ಚಾಚಿ ಮುಷ್ಟಿ ಹಿಡಿದು ನೋಡಿ, ಅದು 10 ಡಿಗ್ರಿ. ಮುಷ್ಟಿಯಲ್ಲಿ ಮುಚ್ಚಿದರೂ ಅಂಚು ಆಚೆ ಕಾಣುವಂಥ ಕಿತ್ತಳೆ ಸೂರ್ಯ. ಊಟದ ತಟ್ಟೆ ಇಟ್ಟು ವೃತ್ತ ಎಳೆದೆ.

ಬಣ್ಣ ಮಾತ್ರ ನಾನು ಊಹಿಸಬೇಕಾಗಲಿಲ್ಲ. ಗ್ರಹ ನಕ್ಷತ್ರದ ಹಿಂದೆ ಸರಿಯುವಾಗ ಹಬಲ್ ದೂರದರ್ಶಕ ಬೆಳಕನ್ನು ಅಳೆಯಿತು. ನೀಲಿ ಬೆಳಕು ಒಂಚೂರು ತಗ್ಗಿತು, ಹಸಿರು ತಗ್ಗಲಿಲ್ಲ. ಅಂದರೆ ಆ ನೀಲಿ ಗ್ರಹದ್ದೇ, ಅಲ್ವಾ? 2013ರಲ್ಲಿ ಇದು ಪ್ರಕಟವಾಯಿತು. ಕಡು ನೀಲಿ. ಸಮುದ್ರ ಅಂದುಕೊಳ್ಳಬೇಡಿ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲಿಯ ನೀರು! ಗಾಜಿನಂಥ ಸಿಲಿಕೇಟ್ ಕಣಗಳು ನೀಲಿ ಬೆಳಕನ್ನು ಚದುರಿಸುತ್ತಿರಬೇಕು ಎನ್ನುತ್ತಾರೆ. ಅವೇ ಗಾಜಿನ ಮಳೆಯಾಗಿ ಸುರಿಯುತ್ತಿರಬಹುದು ಅಂತಲೂ.

ಗಾಳಿ ಗಂಟೆಗೆ 8,700 ಕಿಲೋಮೀಟರ್‌ವರೆಗೆ. ಆ ವೇಗದಲ್ಲಿ ಬೆಂಗಳೂರಿಂದ ಹುಬ್ಬಳ್ಳಿಗೆ ಮೂರೇ ನಿಮಿಷ. ಹಾಗಾಗಿ ಗಾಜಿನ ಮಳೆಯನ್ನು ಅಡ್ಡಡ್ಡ ಎಳೆದೆ. ಹಳೇ ಟೂತ್‌ಬ್ರಷ್‌ಗೆ ಬಿಳಿ ಬಣ್ಣ ಅದ್ದಿ ಒಂದೇ ಸಲ ಬೀಸಿದ್ದು. ಅರ್ಧ ಗೋಡೆಗೂ ಹಾರಿತು.

ಚಂದ್ರನ ಜಾಗ ಖಾಲಿ ಉಳಿದಿತ್ತು. ಹುಡುಕಿದಾಗ ಗೊತ್ತಾಯಿತು, ಆ ಸೂರ್ಯನಿಗೆ ಒಂದು ಜೊತೆ ನಕ್ಷತ್ರವಿದೆ, ಪುಟ್ಟ ಕೆಂಪು ಕುಬ್ಜ. ಅಲ್ಲಿಂದ ನೋಡಿದರೆ ನಮ್ಮ ಶುಕ್ರನಿಗಿಂತ ಜಾಸ್ತಿ ಹೊಳೆಯಬೇಕು. ಚಂದ್ರನನ್ನು ಅಳಿಸಿದ ಜಾಗಕ್ಕೇ ಆ ಕೆಂಪು ಚುಕ್ಕಿ ಇಟ್ಟೆ.

ಮುಗಿದ ಮೇಲೆ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಎರಡು ಸಾಲು ಮಾಡಿದೆ. ‘ಅಳೆದದ್ದು’: ಸೂರ್ಯನ ಗಾತ್ರ, ನೀಲಿ, ಗಾಳಿ, ಕೆಂಪು ಚುಕ್ಕಿ. ‘ನನ್ನದು’: ಮೋಡದ ಆಕಾರ, ಮಿಂಚು. ಗಾಜಿನ ಮಳೆಯನ್ನು ಎಲ್ಲಿ ಹಾಕುವುದು? ಅದು ಬೀಳುವುದನ್ನು ಯಾರೂ ಕಂಡಿಲ್ಲ, ಹಾಗಂತ ನಾನು ಕಟ್ಟಿದ್ದೂ ಅಲ್ಲ. ಎರಡು ಸಾಲಿನ ನಡುವೆ ಬರೆದೆ.